ಬೆರಳಿನ ಗಾಯ ಸಣ್ಣದು, ಚೀಟಿಯ ಬರಹ ಸಣ್ಣದಲ್ಲ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ. ಝುಹ್ರ್ ನಮಾಝ್‌ಗೆ ಹೊತ್ತಾಯಿತೆಂದು ಕ್ಲಿನಿಕ್ ಮುಚ್ಚುವುದರಲ್ಲಿದ್ದೆ. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬನನ್ನು ಇನ್ನೊಬ್ಬರು ಕರೆದುಕೊಂಡು ಬಂದರು. ಹುಡುಗನ ಬಲಗೈಗೆ ಸುತ್ತಿದ್ದ ಟವೆಲ್ ರಕ್ತದಲ್ಲಿ ತೋಯ್ದಿತ್ತು. ಮಾತಾಡಿದ್ದೆಲ್ಲ ಜೊತೆಗೆ ಬಂದವರೇ. "ಮನೆಯಲ್ಲಿ ಬಾಗಿಲ ಸಂದಿಗೆ ಸಿಕ್ಕಿತು ಡಾಕ್ಟ್ರೇ, ಸಣ್ಣ ಗಾಯ." ಟವೆಲ್ ಬಿಚ್ಚಿದೆ. ತೋರುಬೆರಳಿನ ತುದಿಯೇ ಇರಲಿಲ್ಲ. ತೊಳೆದು, ಒತ್ತಿ ಪಟ್ಟಿ ಕಟ್ಟಿ, ತಕ್ಷಣ ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದುಕೊಟ್ಟೆ. ಚೀಟಿಯಲ್ಲಿ ಬರೆದದ್ದು ಇಷ್ಟೇ: "ಬೆರಳಿನ ಗಾಯ. ಮನೆಯಲ್ಲಿ ಬಾಗಿಲಿಗೆ ಸಿಕ್ಕಿ."

ಮೂರು ತಿಂಗಳ ನಂತರ ಆ ಹುಡುಗನ ತಂದೆ ಬಂದರು. ಕೈಯಲ್ಲಿ ಅದೇ ಚೀಟಿಯ ಜೆರಾಕ್ಸ್. "ಹಕೀಂ ಸಾಬ್, ನನ್ನ ಮಗ ಮರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಬೆರಳು ಹೋದದ್ದು ಮರ ಕೊಯ್ಯುವ ಮಷಿನ್‌ಗೆ. ಅವತ್ತು ಜೊತೆಗೆ ಬಂದದ್ದು ಮಾಲೀಕರ ಕಡೆಯವರು. ಪರಿಹಾರ ಕೇಳಿದರೆ ಈಗ ನಿಮ್ಮ ಚೀಟಿಯನ್ನೇ ತೋರಿಸುತ್ತಿದ್ದಾರೆ" ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಬಾಗಿಲಿಗೆ ಸಿಕ್ಕಿದ ಬೆರಳು ಜಜ್ಜಿಹೋಗುತ್ತದೆ, ಗರಗಸಕ್ಕೆ ಸಿಕ್ಕಿದ್ದು ಕತ್ತರಿಸಿದಂತಿರುತ್ತದೆ. ಇದು ನನಗೆ ಗೊತ್ತಿರದ ವಿಷಯವಲ್ಲ. ಆದರೂ ಅವಸರದಲ್ಲಿ ಹುಡುಗನನ್ನು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ತಪ್ಪು ನನ್ನದೇ. ಹಳೆಯ ದಾಖಲೆಯನ್ನು ತಿದ್ದುವುದು ಸರಿಯಲ್ಲ. ಆದ್ದರಿಂದ ಅಂದು ನಾನು ಕಂಡ ಗಾಯ ಹೇಗಿತ್ತು, ಕಾರಣವನ್ನು ಹೇಳಿದ್ದು ರೋಗಿಯಲ್ಲ, ಜೊತೆಗಿದ್ದವರು ಎಂದು ಇಂದಿನ ತಾರೀಕು ಹಾಕಿ ಬೇರೆಯೇ ಪತ್ರ ಬರೆದುಕೊಟ್ಟೆ. ವ್ಯಾಜ್ಯ ಇನ್ನೂ ನಡೆಯುತ್ತಿದೆ.

ಈ ತಿಂಗಳ ಪಾಠ ಅದೇ ಚೀಟಿಯ ಬಗ್ಗೆ. ಬೆರಳಿನ ಗಾಯ ಆಗದ ಮನೆಯಿಲ್ಲ. ಈರುಳ್ಳಿ ಹೆಚ್ಚುವಾಗ, ಆಟೋದ ಬಾಗಿಲು ಹಾಕುವಾಗ, ಬಕ್ರೀದ್ ದಿನ ಮಾಂಸ ಕೊಯ್ಯುವಾಗ, ಗ್ಯಾರೇಜಿನಲ್ಲಿ, ತೋಟದಲ್ಲಿ ಆಗುತ್ತಲೇ ಇರುತ್ತದೆ. ಆ ಗಾಯ ಆಸ್ಪತ್ರೆಯ ಪುಸ್ತಕದಲ್ಲಿ, ಡಿಸ್ಚಾರ್ಜ್ ಸಮರಿಯಲ್ಲಿ, ವಿಮೆಯ ಫಾರ್ಮಿನಲ್ಲಿ ಒಂದು ಅಕ್ಷರ ಮತ್ತು ಕೆಲವು ಅಂಕೆಗಳಾಗಿ ಉಳಿಯುತ್ತದೆ. ಅದಕ್ಕೆ ಐಸಿಡಿ ಕೋಡ್ ಎನ್ನುತ್ತಾರೆ. ಅದನ್ನು ಬರೆಯುವುದು ಆಸ್ಪತ್ರೆಯವರ ಕೆಲಸ. ಆದರೆ ಅದಕ್ಕೆ ಬೇಕಾದ ಮಾತು ನಿಮ್ಮ ಬಾಯಿಂದ ಬರಬೇಕು. ನೀವು ಹೇಳದೆ ಬಿಟ್ಟದ್ದು ಕೋಡ್‌ನಲ್ಲೂ ಇರುವುದಿಲ್ಲ.

ಐಸಿಡಿ ಎಂದರೇನು?

ಒಂದೇ ರೋಗಕ್ಕೆ ಊರಿಗೊಂದು ಹೆಸರು. ನಾವು ಉಗುರುಸುತ್ತು ಎನ್ನುತ್ತೇವೆ, ಯುನಾನಿ ಗ್ರಂಥಗಳು ದಾಖಿಸ್ ಎನ್ನುತ್ತವೆ, ಇಂಗ್ಲಿಷ್ ವೈದ್ಯರು ಪ್ಯಾರೊನಿಕಿಯ ಎನ್ನುತ್ತಾರೆ. ಹೀಗಿದ್ದರೆ ಲೆಕ್ಕ ಇಡುವುದು ಹೇಗೆ? ಇದಕ್ಕಾಗಿ ರೋಗ ಮತ್ತು ಗಾಯಗಳಿಗೆಲ್ಲ ಪ್ರಪಂಚಕ್ಕೆ ಒಂದೇ ಪಟ್ಟಿ ಮಾಡಿದ್ದಾರೆ. ಫ್ರಾನ್ಸಿನ ಅಂಕಿ ಅಂಶ ತಜ್ಞ ಜಾಕ್ ಬರ್ಟಿಯೋ 1893ರಲ್ಲಿ ಸಾವಿನ ಕಾರಣಗಳ ಪಟ್ಟಿಯೊಂದನ್ನು ಮಂಡಿಸಿದರು. ಮುಂದೆ 1948ರಲ್ಲಿ ಆರನೆಯ ಪರಿಷ್ಕರಣೆಯ ಹೊತ್ತಿಗೆ ಅದರ ಹೊಣೆ ವಿಶ್ವ ಆರೋಗ್ಯ ಸಂಸ್ಥೆಗೆ ಬಂತು. ಸಾವಿನ ಕಾರಣಗಳ ಜೊತೆಗೆ ಕಾಯಿಲೆ, ಗಾಯಗಳೂ ಪಟ್ಟಿಗೆ ಸೇರಿದವು. ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಾಣುವುದು ಹತ್ತನೆಯ ಪರಿಷ್ಕರಣೆ, ಅಂದರೆ ಐಸಿಡಿ 10. ಇದಕ್ಕೆ ವಿಶ್ವ ಆರೋಗ್ಯ ಸಭೆ 1990ರಲ್ಲಿ ಒಪ್ಪಿಗೆ ಕೊಟ್ಟಿತು. ಹನ್ನೊಂದನೆಯದು 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ದೇಶಗಳು ಒಂದೊಂದಾಗಿ ಅದಕ್ಕೆ ಬದಲಾಗುತ್ತಿವೆ.

ಕೈಯ ಕೋಡ್ ಓದುವ ಬಗೆ

ಐಸಿಡಿ 10ರಲ್ಲಿ ಮೈಯ ಒಂದು ಭಾಗಕ್ಕೆ ಆದ ಗಾಯದ ಕೋಡ್ 'ಎಸ್' ಅಕ್ಷರದಿಂದ ಶುರುವಾಗುತ್ತದೆ. ಮುಂದಿನ ಅಂಕೆ ಮೈಯಲ್ಲಿ ಎಲ್ಲಿ ಎಂಬುದನ್ನು ಹೇಳುತ್ತದೆ. ತಲೆಗೆ 0, ಕುತ್ತಿಗೆಗೆ 1, ಹೀಗೆ ಮೇಲಿನಿಂದ ಕೆಳಕ್ಕೆ ಇಳಿದು ಪಾದಕ್ಕೆ 9. ಮಣಿಕಟ್ಟು ಮತ್ತು ಕೈಗೆ 6. ಹಾಗಾಗಿ ಕೈಬೆರಳಿನ ಗಾಯಗಳೆಲ್ಲ ಎಸ್ 60ರಿಂದ ಎಸ್ 69ರ ಒಳಗೆ ಬರುತ್ತವೆ. ನಂತರದ ಅಂಕೆ ಗಾಯದ ಜಾತಿಯನ್ನು ಹೇಳುತ್ತದೆ:

ಎಸ್ 60: ಮೇಲ್ಮೈ ಗಾಯ. ತರಚಿದ್ದು, ಪೆಟ್ಟು ಬಿದ್ದು ನೀಲಿಗಟ್ಟಿದ್ದು.

ಎಸ್ 61: ತೆರೆದ ಗಾಯ. ಕುಯ್ದದ್ದು, ಸೀಳಿದ್ದು, ಚುಚ್ಚಿದ್ದು.

ಎಸ್ 62: ಮೂಳೆ ಮುರಿತ.

ಎಸ್ 63: ಕೀಲು ತಪ್ಪಿದ್ದು, ಉಳುಕಿದ್ದು.

ಎಸ್ 64: ನರಕ್ಕೆ ಆದ ಗಾಯ.

ಎಸ್ 65: ರಕ್ತನಾಳಕ್ಕೆ ಆದ ಗಾಯ.

ಎಸ್ 66: ಸ್ನಾಯುವಿಗೆ, ಬೆರಳನ್ನು ಎಳೆಯುವ ಸ್ನಾಯುರಜ್ಜುವಿಗೆ ಆದ ಗಾಯ.

ಎಸ್ 67: ಜಜ್ಜಿಹೋದ ಗಾಯ.

ಎಸ್ 68: ಕತ್ತರಿಸಿ ಬೇರ್ಪಟ್ಟದ್ದು.

ಎಸ್ 69: ಉಳಿದವು, ಮತ್ತು ಏನೆಂದು ಬರೆಯದೆ ಬಿಟ್ಟವು.

ಚುಕ್ಕಿಯ ನಂತರದ ಅಂಕೆ ಇನ್ನಷ್ಟು ವಿವರ ಕೊಡುತ್ತದೆ. ಮಗುವಿನ ಬೆರಳು ಬಾಗಿಲಿಗೆ ಸಿಕ್ಕಿ ಊದಿದೆ, ಚರ್ಮ ಒಡೆದಿಲ್ಲ, ಉಗುರು ಸರಿಯಾಗಿದೆ ಎಂದಾದರೆ ಎಸ್ 60.0. ಅದೇ ಪೆಟ್ಟಿಗೆ ಉಗುರಿಗೂ ಹಾನಿಯಾಗಿದ್ದರೆ ಎಸ್ 60.1. ಚೂರಿಗೆ ಬೆರಳು ಕುಯ್ದಿದ್ದು ಉಗುರು ಸರಿಯಿದ್ದರೆ ಎಸ್ 61.0, ಉಗುರಿಗೂ ತಾಗಿದ್ದರೆ ಎಸ್ 61.1. ಹೆಬ್ಬೆರಳಿನ ಮೂಳೆ ಮುರಿದರೆ ಎಸ್ 62.5, ಬೇರೆ ಬೆರಳಾದರೆ ಎಸ್ 62.6. ಬೆರಳು ಜಜ್ಜಿಹೋದರೆ ಎಸ್ 67.0. ಹೆಬ್ಬೆರಳು ತುಂಡಾದರೆ ಎಸ್ 68.0, ಬೇರೆ ಒಂದು ಬೆರಳು ತುಂಡಾದರೆ, ಪೂರ್ತಿಯಾಗಿರಲಿ ಸ್ವಲ್ಪವೇ ಇರಲಿ, ಎಸ್ 68.1.

ಉಗುರಿಗೆ ಇಷ್ಟು ಮಹತ್ವ ಯಾಕೆ ಎಂದು ನಿಮಗೆ ಅನಿಸಬಹುದು. ಉಗುರಿನ ಅಡಿಯಲ್ಲೇ ಬೆರಳ ತುದಿಯ ಮೂಳೆ ಇದೆ. ಉಗುರು ಒಡೆದಿದೆ ಎಂದರೆ ಕೆಳಗಿನ ಮೂಳೆಯೂ ಮುರಿದಿರಬಹುದು, ಎಕ್ಸ್‌ರೇ ಬೇಕಾಗಬಹುದು. ಉಗುರು ಹುಟ್ಟುವ ಬುಡಕ್ಕೆ ಪೆಟ್ಟಾಗಿದ್ದರೆ ಮುಂದೆ ಬರುವ ಉಗುರು ಸೊಟ್ಟಗೆ ಬೆಳೆಯಬಹುದು. ಒಂದು ಅಂಕೆಯ ವ್ಯತ್ಯಾಸದ ಹಿಂದೆ ಬೇರೆಯೇ ಚಿಕಿತ್ಸೆ ಇದೆ.

ಎಸ್ ಅಲ್ಲದ ಕೋಡ್‌ಗಳೂ ಬೆರಳಿಗೆ ಬರುತ್ತವೆ. ಬಿಸಿ ಎಣ್ಣೆ ಸಿಡಿದು ಕೈ ಸುಟ್ಟರೆ ಟಿ 23. ಉಗುರುಸುತ್ತು ಕೀವಾಗಿದ್ದರೆ ಅದು ಗಾಯದ ಪಟ್ಟಿಯಿಂದ ಚರ್ಮದ ಸೋಂಕಿನ ಪಟ್ಟಿಗೆ ಹೋಗಿ ಎಲ್ 03.0 ಆಗುತ್ತದೆ.

ಯುನಾನಿಗೆ ಇದು ಹೊಸತಲ್ಲ

ನಾನು ಬಿಯುಎಂಎಸ್ ಓದುವಾಗ ಇಬ್ನ್ ಸೀನಾರ ಅಲ್ ಖಾನೂನ್ ಗ್ರಂಥದ ಒಂದು ಪಾಠ ಕಂಠಪಾಠ ಮಾಡಬೇಕಿತ್ತು. 980ರಿಂದ 1037ರವರೆಗೆ ಬದುಕಿದ್ದ ಆ ಮಹಾವೈದ್ಯರು ಗಾಯ, ಮುರಿತ, ಸೀಳುಗಳನ್ನೆಲ್ಲ ತಫರ್ರುಖೆ ಇತ್ತಿಸಾಲ್ ಎಂಬ ಒಂದು ಗುಂಪಿಗೆ ಸೇರಿಸಿದರು. ಕೂಡಿಕೊಂಡಿದ್ದದ್ದು ಕಡಿದುಹೋಗುವುದು ಎಂದು ಅದರ ಅರ್ಥ. ಅಲ್ಲಿಗೆ ನಿಲ್ಲಿಸಲಿಲ್ಲ. ಕಡಿದದ್ದು ಎಲ್ಲಿ ಎಂಬುದರ ಮೇಲೆ ಹೆಸರೂ ಬೇರೆ ಮಾಡಿದರು. ಚರ್ಮದಲ್ಲಾದರೆ ಖದ್ಶ್. ಮಾಂಸದಲ್ಲಾಗಿ ಗಾಯ ಹೊಸದಾಗಿದ್ದರೆ ಜರಾಹತ್, ಅದೇ ಹಳತಾಗಿ ಕೀವು ತುಂಬಿದರೆ ಖರ್ಹಾ. ಮೂಳೆಯಲ್ಲಾದರೆ ಕಸ್ರ್. ಕೀಲು ತಪ್ಪಿದರೆ ಖಲ್ಅ. ನರ ಅಡ್ಡಲಾಗಿ ಕಡಿದರೆ ಬತ್ರ್.

ಈಗ ಮೇಲಿನ ಎಸ್ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಚರ್ಮ, ಮಾಂಸ, ಮೂಳೆ, ಕೀಲು, ನರ. ಹೆಚ್ಚುಕಡಿಮೆ ಅದೇ ಕ್ರಮ. "ಗಾಯ" ಎಂದಷ್ಟೇ ಹೇಳಿದರೆ ಸಾಲದು, ಯಾವ ಅಂಗಾಂಶ ಎಂದು ಹೇಳಿದರೆ ಮಾತ್ರ ಚಿಕಿತ್ಸೆ ತಿಳಿಯುತ್ತದೆ ಎಂಬ ವಿವೇಕ ಸಾವಿರ ವರ್ಷ ಹಳೆಯದು.

ಯುನಾನಿ ರೋಗಗಳಿಗೂ ಈಗ ಕೋಡ್‌ಗಳಿವೆ. 2017ರಲ್ಲಿ ಕೇಂದ್ರ ಆಯುಷ್ ಸಚಿವಾಲಯ ಆರಂಭಿಸಿದ ನಮಸ್ತೆ ಪೋರ್ಟಲ್‌ನಲ್ಲಿ ಆಯುರ್ವೇದ, ಸಿದ್ಧ, ಯುನಾನಿ ಮೂರಕ್ಕೂ ಪ್ರತ್ಯೇಕ ಕೋಡ್ ಪಟ್ಟಿ ಇದೆ. 2024ರ ಜನವರಿಯಲ್ಲಿ ದೆಹಲಿಯಲ್ಲಿ ಐಸಿಡಿ 11ಕ್ಕೆ ಈ ಮೂರು ಪದ್ಧತಿಗಳ ವಿಭಾಗವನ್ನೂ ಬಿಡುಗಡೆ ಮಾಡಲಾಯಿತು. ಆದ್ದರಿಂದ ಯುನಾನಿ ಆಸ್ಪತ್ರೆಯ ಚೀಟಿಯಲ್ಲಿ ಬೇರೆ ಬಗೆಯ ಕೋಡ್ ಕಂಡರೆ ಗಾಬರಿಯಾಗಬೇಡಿ. ವಿಮೆಗೆ ಬೇಕಾದರೆ ಐಸಿಡಿ 10 ಕೋಡನ್ನೂ ಕೇಳಿ ಬರೆಸಿಕೊಳ್ಳಿ.

ಹೇಗೆ ಆಯಿತು, ಎಲ್ಲಿ ಆಯಿತು

ಏನು ಗಾಯ ಎಂಬುದಕ್ಕೆ ಒಂದು ಕೋಡ್ ಆಯಿತು. ಹೇಗೆ ಗಾಯ ಎಂಬುದಕ್ಕೆ ಇನ್ನೊಂದು ಇದೆ. ಆಕಸ್ಮಿಕ ಗಾಯಗಳಲ್ಲಿ ಹೆಚ್ಚಿನವಕ್ಕೆ ಅದು 'ಡಬ್ಲ್ಯು' ಅಕ್ಷರದಿಂದ ಆರಂಭವಾಗುತ್ತದೆ. ಬಾಗಿಲು, ಡ್ರಾಯರ್‌ಗಳ ನಡುವೆ ಸಿಕ್ಕಿದ್ದು ಡಬ್ಲ್ಯು 23. ಗಾಜು ತಾಗಿದ್ದು ಡಬ್ಲ್ಯು 25. ಚೂರಿಯಂಥ ಹರಿತ ವಸ್ತು ಡಬ್ಲ್ಯು 26. ಕರೆಂಟ್ ಇಲ್ಲದ ಕೈ ಉಪಕರಣ ಡಬ್ಲ್ಯು 27. ಮಿಕ್ಸಿಯಂಥ ಮನೆಯ ಯಂತ್ರ ಡಬ್ಲ್ಯು 29. ಕಾರ್ಖಾನೆಯ ಯಂತ್ರ ಡಬ್ಲ್ಯು 31. ಇಲಿ ಕಚ್ಚಿದ್ದು ಡಬ್ಲ್ಯು 53, ನಾಯಿ ಕಚ್ಚಿದ್ದು ಡಬ್ಲ್ಯು 54. ತೋಟದ ಮುಳ್ಳು ಚುಚ್ಚಿದ್ದು ಡಬ್ಲ್ಯು 60.

ಇದರ ಚುಕ್ಕಿಯ ನಂತರದ ಅಂಕೆ ಜಾಗವನ್ನು ಹೇಳುತ್ತದೆ. ಮನೆಯಾದರೆ 0, ಶಾಲೆಯಂಥ ಸಾರ್ವಜನಿಕ ಕಟ್ಟಡ 2, ರಸ್ತೆ 4, ಅಂಗಡಿ ಹೋಟೆಲು 5, ಕಾರ್ಖಾನೆ ಮತ್ತು ಕಟ್ಟಡ ಕೆಲಸದ ಜಾಗ 6, ಹೊಲ ತೋಟ 7. ಗೊತ್ತಿಲ್ಲದಿದ್ದರೆ 9.

ಆ ಹುಡುಗನ ವಿಷಯದಲ್ಲಿ ನಡೆದದ್ದು ಇದೇ. ಇರಬೇಕಾದದ್ದು ಡಬ್ಲ್ಯು 31.6. ನನ್ನ ಚೀಟಿಯನ್ನು ನಂಬಿ ಯಾರಾದರೂ ಕೋಡ್ ಹಾಕಿದ್ದರೆ ಡಬ್ಲ್ಯು 23.0 ಆಗುತ್ತಿತ್ತು. ಕಾರ್ಖಾನೆ ಮನೆಯಾಯಿತು, ಗರಗಸ ಬಾಗಿಲಾಯಿತು. ಗಾಯ ಮಾತ್ರ ಅದೇ.

ಯಾವ ಬೆರಳು?

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ 10ರಲ್ಲಿ ಒಂದು ಕೊರತೆ ಇದೆ. ಎಸ್ 61.0 ಎಂದರೆ ಬೆರಳಿನ ತೆರೆದ ಗಾಯ ಎಂದಷ್ಟೇ ತಿಳಿಯುತ್ತದೆ. ಎಡವೋ ಬಲವೋ, ತೋರುಬೆರಳೋ ಕಿರುಬೆರಳೋ ಎಂಬುದು ಕೋಡಿನಲ್ಲಿ ಇಲ್ಲ. ಅದನ್ನು ವೈದ್ಯರು ಅಕ್ಷರದಲ್ಲೇ ಬರೆಯಬೇಕು. ಐಸಿಡಿ 11ರಲ್ಲಿ ಎಡ ಬಲವನ್ನು ಜೊತೆಗೆ ಸೇರಿಸುವ ಪ್ರತ್ಯೇಕ ಕೋಡ್‌ಗಳಿವೆ.

ಅಮೆರಿಕ ತನಗಾಗಿ ವಿಸ್ತರಿಸಿಕೊಂಡ ಆವೃತ್ತಿ 2015ರ ಅಕ್ಟೋಬರ್‌ನಿಂದ ಅಲ್ಲಿ ಜಾರಿಯಲ್ಲಿದೆ. ನಮ್ಮ ಎಷ್ಟೋ ಮನೆಗಳ ಮಕ್ಕಳು ದುಡಿಯುತ್ತಿರುವ ದುಬೈ, ಅಬುಧಾಬಿಗಳ ವಿಮೆ ಬಿಲ್‌ಗಳಲ್ಲೂ ಅದೇ ಬಳಕೆಯಲ್ಲಿದೆ. ಅದರಲ್ಲಿ ಬೆರಳು ಬೆರಳಿಗೂ ಅಂಕೆ ಇದೆ. ಎಸ್ 61.210ಎ ಎಂದರೆ ಬಲ ತೋರುಬೆರಳು ಸೀಳಿದೆ, ಒಳಗೆ ಚೂರೇನೂ ಉಳಿದಿಲ್ಲ, ಉಗುರಿಗೆ ಹಾನಿಯಿಲ್ಲ. ಎಸ್ 61.211ಎ ಎಂದರೆ ಅದೇ ಗಾಯ ಎಡ ತೋರುಬೆರಳಿಗೆ. ಕೊನೆಯ 'ಎ' ಅಕ್ಷರ ಗಾಯಕ್ಕೆ ಚಿಕಿತ್ಸೆ ನಡೆಯುತ್ತಿದೆ ಎಂಬುದರ ಗುರುತು. ಗಾಯ ಮಾಯುತ್ತಿರುವಾಗ ಮತ್ತೆ ತೋರಿಸಲು ಹೋದರೆ 'ಡಿ' ಬರುತ್ತದೆ. ಮಾಯ್ದ ಮೇಲೆ ಉಳಿದ ತೊಂದರೆಗೆ 'ಎಸ್'. ಗಲ್ಫಿನಲ್ಲಿರುವ ನಿಮ್ಮ ಮಗನ ಬಿಲ್ ತಿರಸ್ಕಾರವಾದರೆ ಎಡ ಬಲ ಅದಲುಬದಲಾಗಿದೆಯೇ, ಕೊನೆಯ ಅಕ್ಷರ ಸರಿಯಿದೆಯೇ ಎಂದು ಮೊದಲು ನೋಡಲು ಹೇಳಿ.

ಯಾವ ಬೆರಳು ಎಂಬುದು ಹಣದ ವಿಷಯವೂ ಹೌದು. ಕೆಲಸದಲ್ಲಿ ಗಾಯಗೊಂಡವರಿಗಾಗಿ ಇದ್ದ 1923ರ ಪರಿಹಾರ ಕಾಯ್ದೆಯ ಅನುಸೂಚಿ ನೋಡಿ. ಹೆಬ್ಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 30 ನಷ್ಟ ಎಂದು ಎಣಿಸಿದ್ದಾರೆ. ತೋರುಬೆರಳಿಗೆ ಶೇ. 14, ನಡುಬೆರಳಿಗೆ ಶೇ. 12, ಉಂಗುರಬೆರಳು ಅಥವಾ ಕಿರುಬೆರಳಿಗೆ ಶೇ. 7. ಮೂಳೆ ಹೋಗದೆ ತುದಿ ಮಾತ್ರ ಹೋದರೆ ತೋರುಬೆರಳಿಗೆ ಶೇ. 5, ನಡುಬೆರಳಿಗೆ ಶೇ. 4. ಎಷ್ಟು ಗೆಣ್ಣು ಹೋಗಿದೆ ಎಂಬುದಕ್ಕೂ ಲೆಕ್ಕ ಇದೆ. "ಬೆರಳಿನ ಗಾಯ" ಎಂದಷ್ಟೇ ಬರೆದ ಚೀಟಿ ಹಿಡಿದು ಈ ಪಟ್ಟಿಯ ಯಾವ ಸಾಲಿಗೆ ಹೋಗುತ್ತೀರಿ?

ವೈದ್ಯರಿಗೆ ಹೇಳಬೇಕಾದ ಏಳು ಮಾತು

ನೆನಪಿಟ್ಟುಕೊಳ್ಳಿ, ಮನೆಯ ಮಕ್ಕಳಿಗೂ ಕಲಿಸಿ.

1. ಯಾವ ಕೈ, ಯಾವ ಬೆರಳು. "ಎರಡನೇ ಬೆರಳು" ಎನ್ನಬೇಡಿ, ಎಣಿಕೆ ಒಬ್ಬೊಬ್ಬರದು ಒಂದೊಂದು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳು, ಕಿರುಬೆರಳು ಎಂದು ಹೆಸರು ಹೇಳಿ. ನೀವು ಎಡಚರಾಗಿದ್ದರೆ ಅದನ್ನೂ ಹೇಳಿ.

2. ಯಾವುದರಿಂದ ಆಯಿತು. ಚೂರಿ, ಗಾಜು, ಯಂತ್ರ, ಬಾಗಿಲು, ಪ್ರಾಣಿ. ತುಕ್ಕು ಅಥವಾ ಸಗಣಿ ಮಣ್ಣು ತಾಗಿತ್ತೇ ಎಂಬುದನ್ನೂ ಸೇರಿಸಿ.

3. ಎಲ್ಲಿ ಆಯಿತು, ಏನು ಕೆಲಸ ಮಾಡುತ್ತಿದ್ದಿರಿ.

4. ಯಾವ ದಿನ, ಎಷ್ಟು ಗಂಟೆಗೆ.

5. ಉಗುರಿಗೆ ತಾಗಿದೆಯೇ, ಒಳಗೆ ಗಾಜು, ಮುಳ್ಳು, ಮರದ ಸಿಬುರು ಉಳಿದಿರುವ ಅನುಮಾನ ಇದೆಯೇ.

6. ಬೆರಳು ಮಡಚಲು, ನೀಡಲು ಆಗುತ್ತಿದೆಯೇ, ತುದಿಯಲ್ಲಿ ಸ್ಪರ್ಶ ತಿಳಿಯುತ್ತಿದೆಯೇ.

7. ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ, ಕೊನೆಯ ಧನುರ್ವಾಯು ಇಂಜೆಕ್ಷನ್ ಯಾವಾಗ ಆಗಿತ್ತು.

ಮಾತಾಡಲು ಬರುವ ರೋಗಿಯೇ ಮಾತಾಡಲಿ. ಕೆಲಸದ ಜಾಗದಲ್ಲಿ ಗಾಯವಾದ ಹುಡುಗನ ಜೊತೆ ಮನೆಯವರೊಬ್ಬರು ಇರಲಿ. ಚೀಟಿ ಕೈಗೆ ಬಂದಾಗ ಕೌಂಟರ್ ಬಿಡುವ ಮೊದಲೇ ಓದಿ. ಹೆಸರು, ತಾರೀಕು, ಎಡ ಬಲ, ಬೆರಳಿನ ಹೆಸರು, ಕಾರಣ ನೋಡಿಕೊಳ್ಳಿ. ತಪ್ಪಿದ್ದರೆ ಅಲ್ಲೇ ಹೇಳಿ. ಆ ಹೊತ್ತಿನಲ್ಲಿ ತಿದ್ದಿ ಸಹಿ ಹಾಕುವುದು ಒಂದು ನಿಮಿಷದ ಕೆಲಸ. ಮೂರು ತಿಂಗಳ ನಂತರ ಅದು ವಕೀಲರ ಕೆಲಸವಾಗುತ್ತದೆ.

'ಸಣ್ಣ ಗಾಯ' ಎಂದು ಬಿಡಬಾರದವು

ಹೊರಗೆ ಅರ್ಧ ಇಂಚಿನ ಸೀಳು ಕಂಡರೂ ಒಳಗೆ ಸ್ನಾಯುರಜ್ಜು ಕಡಿದಿರಬಹುದು. ಆಗ ಅದು ಎಸ್ 61ರ ಜೊತೆ ಎಸ್ 66 ಕೂಡ. ಮೇಲಿನ ಚರ್ಮಕ್ಕೆ ಮಾತ್ರ ಹೊಲಿಗೆ ಹಾಕಿ ಮನೆಗೆ ಹೋದರೆ ಗಾಯ ಮಾಯುತ್ತದೆ, ಬೆರಳು ಮಾತ್ರ ಮಡಚುವುದಿಲ್ಲ. ದರ್ಜಿಗೆ, ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ, ಮೆಕ್ಯಾನಿಕ್‌ಗೆ ಅದು ಅನ್ನದ ಪ್ರಶ್ನೆ. ಮನೆಯಲ್ಲೇ ಹೀಗೆ ನೋಡಿಕೊಳ್ಳಿ. ನಡುಗೆಣ್ಣನ್ನು ಇನ್ನೊಂದು ಕೈಯಲ್ಲಿ ಹಿಡಿದು ಬೆರಳ ತುದಿಯನ್ನಷ್ಟೇ ಮಡಚಿ, ನಂತರ ನೀಡಿ. ಕಣ್ಣು ಮುಚ್ಚಿ ಬೆರಳಿನ ಎರಡೂ ಬದಿಗೆ ಹತ್ತಿ ತಾಗಿಸಿ. ಮಡಚಲಾಗದಿದ್ದರೆ, ನೀಡಲಾಗದಿದ್ದರೆ, ಒಂದು ಬದಿ ಜೋಮು ಹಿಡಿದಂತಿದ್ದರೆ ಅದೇ ದಿನ ಸರ್ಜನ್‌ಗೆ ತೋರಿಸಿ.

ಇವುಗಳಿಗೂ ಅದೇ ದಿನ ಆಸ್ಪತ್ರೆ ಬೇಕು: ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದರೂ ನಿಲ್ಲದ ರಕ್ತ, ಸೊಟ್ಟಗಾದ ಬೆರಳು, ಬಿಳಿಚಿದ ಅಥವಾ ನೀಲಿಯಾದ ತುದಿ, ಉಗುರಿನಡಿ ರಕ್ತ ತುಂಬಿ ತಡೆಯಲಾಗದ ನೋವು, ಮನುಷ್ಯ ಅಥವಾ ಪ್ರಾಣಿ ಕಚ್ಚಿದ ಗಾಯ, ಕೆಂಪು ಅಂಗೈಯತ್ತ ಏರುತ್ತಿರುವುದು, ಜ್ವರ. ಸಕ್ಕರೆ ಕಾಯಿಲೆ ಇರುವವರು ಉಗುರುಸುತ್ತನ್ನೂ ಹಗುರವಾಗಿ ಕಾಣಬಾರದು.

ಬೆರಳಿನ ತುಂಡು ಬೇರ್ಪಟ್ಟರೆ ಅದನ್ನು ಎಸೆಯಬೇಡಿ. ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಟ್ಟು ರೋಗಿಯ ಜೊತೆಗೇ ಒಯ್ಯಿರಿ. ತುಂಡಿಗೆ ಮಂಜುಗಡ್ಡೆ ನೇರ ತಾಗಬಾರದು.

ನಿಜವಾಗಿಯೂ ಸಣ್ಣದಾದರೆ

ಹರಿಯುವ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿ. ನಡುನಡುವೆ ತೆಗೆದು ನೋಡಬೇಡಿ. ಉಂಗುರ ಇದ್ದರೆ ಊದುವ ಮೊದಲೇ ತೆಗೆಯಿರಿ. ಕಾಫಿ ಪುಡಿ, ಸುಣ್ಣ, ಟೂತ್‌ಪೇಸ್ಟ್, ಬೂದಿ ಬೇಡ. ಇವು ಗಾಯವನ್ನು ಕೊಳೆ ಮಾಡುತ್ತವೆ, ಎಷ್ಟು ಆಳವಿದೆ ಎಂದು ವೈದ್ಯರಿಗೆ ಕಾಣದಂತೆಯೂ ಮಾಡುತ್ತವೆ. ಯುನಾನಿ ಮರ್ಹಮ್ ಹಚ್ಚುವುದಾದರೂ ಗಾಯ ತೊಳೆದು, ತೋರಿಸಿದ ಮೇಲೆ. ಇದನ್ನು ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ. ಪ್ರಾಣಿ ಕಚ್ಚಿದ್ದರೆ ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು ರೇಬೀಸ್ ಲಸಿಕೆಗೆ ಹೊರಡಿ.

ಧನುರ್ವಾಯು ಲಸಿಕೆಯ ಸಾಮಾನ್ಯ ಲೆಕ್ಕ ಹೀಗಿದೆ. ಬಾಲ್ಯದ ಲಸಿಕೆಗಳು ಪೂರ್ತಿಯಾಗಿದ್ದು, ಕೊನೆಯದಾಗಿ ಹತ್ತು ವರ್ಷ ಕಳೆದಿದ್ದರೆ ಶುಭ್ರ ಗಾಯಕ್ಕೂ ಒಂದು ಬೂಸ್ಟರ್ ಬೇಕು. ಮಣ್ಣು, ಸಗಣಿ ತಾಗಿದ ಕೊಳಕು ಗಾಯಕ್ಕಾದರೆ ಐದು ವರ್ಷ ಕಳೆದಿದ್ದರೆ ಬೇಕು. ಹಾಕಿಸಿಕೊಂಡ ತಾರೀಕನ್ನು ಮನೆಯ ಒಂದು ಪುಸ್ತಕದಲ್ಲಿ ಬರೆದಿಡಿ.

ನನ್ನಲ್ಲಿಗೆ ಬರುವವರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ವುಝೂವಿನದು. ದಿನಕ್ಕೆ ಐದು ಸಲ ಪಟ್ಟಿ ಬಿಚ್ಚಿ ಗಾಯ ನೆನೆಸಿದರೆ ಹೊಲಿಗೆ ಕೂಡುವುದಿಲ್ಲ, ಕೀವಾಗುತ್ತದೆ. ಪಟ್ಟಿ ಇರುವಾಗ ಅದರ ಮೇಲೆ ಒದ್ದೆ ಕೈ ಸವರುವ ರಿಯಾಯಿತಿ ಫಿಕ್ಹ್‌ನಲ್ಲಿದೆ. ಮದ್‌ಹಬ್‌ಗೆ ತಕ್ಕಂತೆ ವಿವರ ಬದಲಾಗುವುದರಿಂದ ನಿಮ್ಮ ಮೊಹಲ್ಲಾದ ಆಲಿಮರನ್ನು ಕೇಳಿ. ಪಟ್ಟಿ ಎಷ್ಟು ದಿನ ಇರಬೇಕು ಎಂಬುದನ್ನು ವೈದ್ಯರನ್ನು ಕೇಳಿ.

ವಿಮೆ, ಕಾರ್ಡ್ ಮತ್ತು ಅಮಾನತ್

ಆರೋಗ್ಯ ವಿಮೆಯ ಕ್ಲೇಮ್ ಫಾರ್ಮಿನಲ್ಲಿ ಎರಡು ಭಾಗಗಳಿವೆ. ಎ ಭಾಗ ನೀವು ತುಂಬುವುದು, ಬಿ ಭಾಗ ಆಸ್ಪತ್ರೆ ತುಂಬುವುದು. ಮುಖ್ಯ ರೋಗನಿರ್ಣಯದ ಐಸಿಡಿ 10 ಕೋಡ್ ಬರುವುದು ಬಿ ಭಾಗದಲ್ಲಿ. ಗಾಯವಾದರೆ ಕಾರಣ ಏನು, ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೇ ಎಂಬ ಪ್ರಶ್ನೆಗಳೂ ಇರುತ್ತವೆ. ನೀವು ಬರೆದದ್ದಕ್ಕೂ ಆಸ್ಪತ್ರೆಯ ಕೋಡಿಗೂ ಹೊಂದಿಕೆ ಇಲ್ಲದಿದ್ದರೆ ಕ್ಲೇಮ್ ನಿಲ್ಲುತ್ತದೆ. ಆಯುಷ್ಮಾನ್ ಭಾರತ್ ಕಾರ್ಡ್ ಇರುವುದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗೆ. ಎರಡು ಹೊಲಿಗೆ ಹಾಕಿಸಿಕೊಂಡು ಮನೆಗೆ ಬರುವ ಗಾಯಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ. ಇಎಸ್‌ಐ ಇರುವ ಕೆಲಸಗಾರರಿಗೆ ಕೆಲಸದಲ್ಲಿ ಗಾಯವಾದರೆ ಮಾಲೀಕರು ಅಪಘಾತದ ವರದಿ ಕೊಡಬೇಕು. ಆ ವರದಿ ಹೋಗಿದೆಯೇ ಎಂದು ವಿಚಾರಿಸಿ. ಪರಿಹಾರದ ಅರ್ಜಿಗೆ ಕಾಲಮಿತಿ ಇದೆ, ಗಾಯ ಮಾಯಲಿ ಎಂದು ಕಾಯಬೇಡಿ.

ಇನ್ನು ಒಂದು ಕಹಿ ಮಾತು. "ಡಾಕ್ಟ್ರೇ, ಅಡ್ಮಿಟ್ ಆಗಿದ್ದ ಅಂತ ಬರೆದುಕೊಡಿ, ವಿಮೆ ಸಿಗುತ್ತದೆ." "ಸ್ವಲ್ಪ ದೊಡ್ಡ ಗಾಯ ಅಂತ ಬರೆಯಿರಿ." ಇಂಥ ಕೋರಿಕೆ ತಿಂಗಳಿಗೊಂದಾದರೂ ಬರುತ್ತದೆ, ಕೇಳುವವರು ನಮ್ಮವರೇ. ತರಚಿದ್ದನ್ನು ಮುರಿತ ಎಂದು ಬರೆಸುವುದು ವಂಚನೆ. ಕಾರ್ಖಾನೆಯನ್ನು ಮನೆ ಎಂದು ಬರೆಸಿದ್ದೂ ಅದೇ ಜಾತಿಯದು. ಒಂದರಲ್ಲಿ ನಮಗೆ ಲಾಭ, ಇನ್ನೊಂದರಲ್ಲಿ ನಮಗೆ ನಷ್ಟ ಎಂಬುದಷ್ಟೇ ವ್ಯತ್ಯಾಸ. ಚೀಟಿಯ ಬರಹ ಅಮಾನತ್. ಅದರಲ್ಲಿ ಆದದ್ದು ಆದ ಹಾಗೆ ಇರಬೇಕು.

ನನ್ನ ಕ್ಲಿನಿಕ್‌ನ ಮೇಜಿನ ಮೇಲೆ ಈಗ ಒಂದು ರಬ್ಬರ್ ಸ್ಟಾಂಪ್ ಇದೆ. ಬೆರಳಿನ ಗಾಯ ಎಂದು ಬಂದವರ ಚೀಟಿಗೆ ಅದನ್ನು ಒತ್ತುತ್ತೇನೆ. ಕೈ, ಬೆರಳು, ಉಗುರು, ಯಾವುದರಿಂದ, ಎಲ್ಲಿ, ಯಾವಾಗ, ಹೇಳಿದವರು ಯಾರು. ಏಳು ಖಾಲಿ ಜಾಗಗಳು. ತುಂಬಲು ಎರಡು ನಿಮಿಷ ಸಾಕು. ಮೊದಲು ಹುಡುಗನನ್ನೇ ಕೇಳುತ್ತೇನೆ, ಆಮೇಲೆ ಜೊತೆಗೆ ಬಂದವರನ್ನು. ನಿಮ್ಮ ವೈದ್ಯರ ಬಳಿ ಇಂಥ ಸ್ಟಾಂಪ್ ಇಲ್ಲದಿದ್ದರೂ ಈ ಏಳು ಉತ್ತರಗಳು ನಿಮ್ಮ ನಾಲಿಗೆಯ ತುದಿಯಲ್ಲಿರಲಿ.